ಕಲ್ಯಾಣದ ದಾಳ, ಮೈಸೂರಿನ ಎಲೆ, ನಮ್ಮನಿ ಕವಡಿ

 

ಕಲ್ಯಾಣ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಬಸವಣ್ಣ, ಅನುಭವ ಮಂಟಪ. ಇವತ್ತು ಅದಕ್ಕಿಂತ ಒಂದು ತಲೆಮಾರು ಹಿಂದಕ್ಕೆ ಹೋಗೋಣ. ಊರು ಅದೇ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆಗ ಅದು ಚಾಲುಕ್ಯರ ರಾಜಧಾನಿ. 1126ರಿಂದ 1138ರವರೆಗೆ ಆಳಿದವನು ಮೂರನೇ ಸೋಮೇಶ್ವರ. ಅಪ್ಪ ಆರನೇ ವಿಕ್ರಮಾದಿತ್ಯ ಐವತ್ತು ವರ್ಷ ಆಳಿ ದೊಡ್ಡ ರಾಜ್ಯ ಬಿಟ್ಟು ಹೋಗಿದ್ದ. ಮಗನಿಗೆ ಕತ್ತಿಗಿಂತ ಪುಸ್ತಕದ ಮೇಲೆ ಪ್ರೀತಿ. 1129ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ ಒಂದು ಗ್ರಂಥ ಬರೆದ, ಹೆಸರು ‘ಮಾನಸೋಲ್ಲಾಸ’. ಇಡ್ಲಿಯ ಇತಿಹಾಸದ ರೀಲ್ ನೋಡಿದವರಿಗೆ ಈ ಹೆಸರು ಪರಿಚಯ ಇರಬಹುದು. ‘ಇಡ್ಡರಿಕಾ’ ಅನ್ನೋ ತಿಂಡಿ ಬರೋದು ಇದರಲ್ಲೇ.

ಗ್ರಂಥದಲ್ಲಿ ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ರಾಜ್ಯ ಗಳಿಸೋದು ಹೆಂಗೆ, ಉಳಿಸೋದು ಹೆಂಗೆ ಅಂತ ಶುರುವಾಗಿ ಕೊನೆಯ ಭಾಗಕ್ಕೆ ಬಂದ್ರೆ ಅದರ ಹೆಸರು ‘ಕ್ರೀಡಾವಿಂಶತಿ’. ಅಂದ್ರೆ ಇಪ್ಪತ್ತು ಆಟ. ಜೋಕಾಲಿ ಇದೆ, ನೀರಾಟ ಇದೆ, ಬೆಳದಿಂಗಳ ಆಟ ಇದೆ, ಒಗಟು ಹೇಳೋದಿದೆ. ಅವುಗಳ ನಡುವೆ ಸಾಲಾಗಿ ನಾಲ್ಕು ಹೆಸರು: ಚತುರಂಗ, ಪಾಶಕ, ವರಾಟಿಕಾ, ಫಂಜಿಕಾ. ಪಾಶಕ ಅಂದ್ರೆ ದಾಳ. ವರಾಟಿಕಾ ಅಂದ್ರೆ ಕವಡಿ. ಆಳೋ ರಾಜ ಕೂತು ಆಟಗಳನ್ನ ಶಾಸ್ತ್ರದ ಹಾಗೆ ಶ್ಲೋಕದಲ್ಲಿ ಬರೆದಿಟ್ಟಿದ್ದಾನೆ. ನನಗೆ ಇದು ಕೋಟೆಗಿಂತ ದೊಡ್ಡ ವಿಷಯ ಅನ್ಸುತ್ತೆ. ಕೋಟೆ ಕಟ್ಟಿಸಿದ ರಾಜರು ನಮ್ಮ ಕಡೆ ಸಾಲಾಗಿ ಸಿಗ್ತಾರೆ. ಆಟದ ನಿಯಮ ಬರೆದ ರಾಜರು ಎಷ್ಟು ಜನ?

ಕನ್ನಡದಲ್ಲಿ ದಾಳದ ಆಟಕ್ಕೆ ಇನ್ನೂ ಹಳೆಯ ಹೆಸರಿದೆ: ನೆತ್ತ. 941ರ ಪಂಪಭಾರತದಲ್ಲಿ ಅದು ಬರುತ್ತೆ. ಪಂಪ ಇದ್ದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ, ಈಗಿನ ತೆಲಂಗಾಣ. ಭಾರತದ ಜೂಜು ಅಂದ ಕೂಡಲೇ ಎಲ್ಲರೂ ಶಕುನಿಯ ಸಭೆಗೆ ಓಡ್ತಾರೆ. ನನಗೆ ಇಷ್ಟವಾದದ್ದು ಪಂಪನಲ್ಲಿ ಬರೋ ಇನ್ನೊಂದು ಆಟ. ದುರ್ಯೋಧನನ ಹೆಂಡತಿ ಭಾನುಮತಿ ನೆತ್ತ ಆಡಿ ಸೋಲ್ತಾಳೆ. ಸೋತದ್ದು ಕೊಡು ಅಂತ ಕಾಡಾಟ ನಡೆದು ಮುತ್ತಿನ ಸರ ಹರಿದು ಚೆಲ್ಲಾಪಿಲ್ಲಿ ಆಗುತ್ತೆ. ರಾಜ ನೋಡಿ ಒಂಚೂರೂ ಬೇಸರ ಮಾಡ್ಕೊಳ್ಳಲ್ಲ. ಮುಂದೆ ಕೃಷ್ಣ ಬಂದು ‘ಪಾಂಡವರ ಕಡೆ ಬಾ’ ಅಂದಾಗ ಕರ್ಣನ ಮನಸ್ಸಿಗೆ ಬರೋದು ಅದೇ. ಅಂಥವನನ್ನ ಹೆಂಗೆ ಬಿಡಲಿ ಅಂತ. ಒಂದು ಆಟದಿಂದ ರಾಜ್ಯ ಹೋಯ್ತು ಅನ್ನೋ ಕಥೆ ನಮಗೆ ಗೊತ್ತು. ಮನೆಯೊಳಗಿನ ಇನ್ನೊಂದು ಆಟದಿಂದ ಒಂದು ನಂಬಿಕೆ ಗಟ್ಟಿಯಾಯ್ತು ಅನ್ನೋದು ಅದೇ ಕಾವ್ಯದಲ್ಲಿದೆ.

ಈ ವಿಷಯಕ್ಕೆ ನಾನು ಬಂದ ಕಾರಣ ಹೇಳ್ತೀನಿ. ಹೋದ ದೀಪಾವಳಿಗೆ ಭಾಲ್ಕಿಯ ನಮ್ಮ ಮನೆಗೆ ಪುಣೆಯಿಂದ ಕಾಕಾನ ಮಗ ಬಂದಿದ್ದ. ಬ್ಯಾಗಿನಲ್ಲಿ ಒಂದು ದಪ್ಪ ಡಬ್ಬಿ. ಒಳಗೆ ನೂರಾರು ಕಾರ್ಡು, ಇಪ್ಪತ್ತು ಮುಖದ ದಾಳ, ದಪ್ಪ ನಿಯಮದ ಪುಸ್ತಕ. ಫ್ಯಾಂಟಸಿ ಗೇಮ್. ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಒಬ್ಬ ಯೋಧ ಆಗಿ ಗುಹೆಯೊಳಗೆ ಹೋಗಬೇಕು. ದಾಳ ಹಾಕಿ ರಾಕ್ಷಸರ ಜೊತೆ ಹೊಡೆದಾಡಬೇಕು. ಔರಾದಿನಿಂದ ಅತ್ತಿ ಬಂದಿದ್ರು, ಅಪ್ಪ ಇದ್ರು, ಎಲ್ಲರೂ ಸುತ್ತ ಕೂತ್ವಿ. ನಮ್ಮ ಆಯಿ, ಅಂದ್ರೆ ಅಜ್ಜಿ, ಎಂಬತ್ತು ದಾಟಿದವರು, ಮಾಂತ್ರಿಕ ಆದ್ರು.

ತಮ್ಮ ಅರ್ಧ ಗಂಟೆ ನಿಯಮ ಓದಿ ಹೇಳಿದ. ಆಯಿ ಕೇಳಿದ್ರು, “ಇಷ್ಟ ದೊಡ್ಡ ಪುಸ್ತಕ ಓದಿ ಆಟ ಆಡಬೇಕೇನೋ? ಇದೇನು ಮೆಟ್ರಿಕ್ ಪರೀಕ್ಷಾನಾ?” ಆದ್ರೆ ಆಡಿದ್ರು. ದಾಳವನ್ನ ಕವಡಿ ಥರ ಎರಡೂ ಅಂಗೈಯಲ್ಲಿ ಕುಲುಕಿ ಹಾಕಿದ್ರು, ಅದು ಉರುಳಿ ಮಂಚದ ಕೆಳಗೆ ಹೋಯ್ತು. ಒಂದು ತಾಸು ಆದ ಮೇಲೆ ಇನ್ನೊಂದು ಪ್ರಶ್ನೆ: “ಎಲ್ಲಾ ಸರಿ, ಇದರಾಗ ಕಾಯಿ ಹಣ್ಣ ಆಗೋದು ಯಾವಾಗ?” ತಮ್ಮನ ಹತ್ರ ಉತ್ತರ ಇರಲಿಲ್ಲ. ಗೊತ್ತಿಲ್ಲದವರಿಗೆ ಹೇಳ್ತೀನಿ, ಕವಡಿ ಆಟದಲ್ಲಿ ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿಗೆ ‘ಹಣ್ಣಾಯ್ತು’ ಅಂತಾರೆ.

ಈ ಥರದ ಆಟಗಳ ಅಧಿಕೃತ ಇತಿಹಾಸ ಅಮೆರಿಕದಿಂದ ಶುರುವಾಗುತ್ತೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ತಂದ್ರು. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಅವರ ಕಾರ್ಡ್ ಆಟ ‘ಮ್ಯಾಜಿಕ್: ದ ಗ್ಯಾದರಿಂಗ್’ ಬಂತು. ಅದು ಸರಿ. ಆದ್ರೆ ದೇವರು, ರಾಕ್ಷಸರು, ಗ್ರಹಗಳು, ಸೈನ್ಯ ಎಲ್ಲ ಒಂದು ಕಟ್ಟು ಕಾರ್ಡಿನಲ್ಲಿ ಬರೋದು, ಮನೆ ಮಂದಿ ಕೂತು ಆ ಕಾರ್ಡು ಇಳಿಸೋದು, ಇದು ನಮ್ಮ ನೆಲದಲ್ಲಿ ಅದಕ್ಕಿಂತ ಭಾಳ ಹಳೇದು. ಅದರ ಹೆಸರು ಗಂಜೀಫಾ.

ಗಂಜೀಫಾ ಎಲೆ ದುಂಡಗೆ ಇರುತ್ತೆ, ಅಂಗೈಯಲ್ಲಿ ಹಿಡಿಸೋ ಬಿಲ್ಲೆ ಥರ. ಪರ್ಷಿಯಾ ಕಡೆಯಿಂದ ಬಂದ ಹೆಸರು. ಭಾರತದಲ್ಲಿ ಇದರ ಹಳೆಯ ಉಲ್ಲೇಖ ಇರೋದು ಬಾಬರನ ಆತ್ಮಕಥೆಯಲ್ಲಿ. 1527ರಲ್ಲಿ ಅವನು ಸಿಂಧ್‌ನಲ್ಲಿದ್ದ ಶಾ ಹಸನ್‌ಗೆ ಗಂಜೀಫಾ ಕಳಿಸಿದ, ಕೇಳಿದ್ದ ಅಂತ. ಬಾಬರನ ಮಗಳು ಗುಲ್‌ಬದನ್ ಬೇಗಂ ತನ್ನ ಅಣ್ಣ ಹುಮಾಯೂನನ ಬಗ್ಗೆ ಒಂದು ಪುಸ್ತಕ ಬರೆದಳು. ಅದರಲ್ಲಿ ಯುದ್ಧದ ಲೆಕ್ಕಕ್ಕಿಂತ ಮನೆಯ ಸಂಗತಿ ಜಾಸ್ತಿ. ಒಂದು ಕಡೆ ಒಂದು ಆಟ ಬರುತ್ತೆ: ಹನ್ನೆರಡು ಜನ, ಒಬ್ಬೊಬ್ಬರಿಗೆ ಇಪ್ಪತ್ತು ಎಲೆ, ಇಪ್ಪತ್ತು ಶಾಹ್ರುಖಿ ನಾಣ್ಯ. ಸೋತವರ ನಾಣ್ಯ ಗೆದ್ದವರಿಗೆ. ಮೊಘಲ್ ಇತಿಹಾಸ ಬರೆದ ಗಂಡಸರು ಇದನ್ನ ಬರೀತಿದ್ರು ಅಂತ ನನಗೆ ಅನ್ಸಲ್ಲ. ಮನೆಯ ಆಟ ನೆನಪಿಟ್ಟುಕೊಂಡದ್ದು ತಂಗಿ.

ಅಕ್ಬರನ ಕಾಲಕ್ಕೆ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಈ ಆಟದ ವಿವರ ಬರೆದ. ಆಗ ಹನ್ನೆರಡು ಬಣ್ಣದ 144 ಎಲೆಯ ಕಟ್ಟೂ ಇತ್ತು, ಎಂಟು ಬಣ್ಣದ 96 ಎಲೆಯ ಕಟ್ಟೂ ಇತ್ತು. ಎಂಟು ಬಣ್ಣದ್ದೇ ಮುಂದೆ ಉಳಿದಿದ್ದು. ಕಿರೀಟ, ಬೆಳ್ಳಿ ನಾಣ್ಯ, ಕತ್ತಿ, ಸೇವಕ, ಚಂಗ್ ಅನ್ನೋ ವಾದ್ಯ, ಚಿನ್ನದ ನಾಣ್ಯ, ಹುಕುಂ ಬರೆದ ಕಾಗದ, ಸರಕು. ನಾನು ಬಿ.ಕಾಂ ಓದಿದವನು, ಈ ಪಟ್ಟಿ ನೋಡಿದ್ರೆ ನನಗೆ ಕಾಣೋದು ಒಂದು ಆಡಳಿತದ ಚಾರ್ಟ್: ಖಜಾನೆ ಇದೆ, ಸೈನ್ಯ ಇದೆ, ಗೋದಾಮು ಇದೆ, ಕಚೇರಿ ಇದೆ. ಇಡೀ ಸರ್ಕಾರವನ್ನ ಕೈಯಲ್ಲಿ ಹಿಡಿದು ಆಡೋದು.

ಔರಂಗಜೇಬ ಬೀದರ್ ಕೋಟೆ ಹಿಡಿದದ್ದು 1657ರಲ್ಲಿ. ಮುಂದೆ 1724ರಿಂದ 1948ರವರೆಗೆ ನಿಜಾಮರ ಕಾಲ. ಮೊಘಲರ ಅಂಗಳದಿಂದ ಈ ಆಟ ದಖ್ಖನಿಗೆ ಇಳಿದು ವೇಷ ಬದಲಿಸ್ತು. ಸಾವಂತವಾಡಿಯಲ್ಲಿ, ನಿರ್ಮಲ್‌ನಲ್ಲಿ ಚಿತ್ರಗಾರರು ‘ದಶಾವತಾರ ಗಂಜೀಫಾ’ ಬರೆದ್ರು. ನಿರ್ಮಲ್ ದೂರ ಏನಲ್ಲ, ಔರಾದಿನಿಂದ ಈಶಾನ್ಯಕ್ಕೆ ತೆಲಂಗಾಣದೊಳಗೆ ಹೋದ್ರೆ ಸಿಗೋ ಊರು. ಕಿರೀಟ, ಖಜಾನೆ ಹೋಗಿ ಮೀನು, ಆಮೆ, ವರಾಹ, ನರಸಿಂಹ ಬಂದ್ವು. ಹತ್ತು ಅವತಾರ, ಒಂದೊಂದಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕಿ ಎಲೆ. ಒಟ್ಟು 120.

ಆಡೋ ಕ್ರಮ ಕೇಳ್ರಿ. ಮೂರು ಜನ ಕೂತ್ರೆ ಒಬ್ಬರಿಗೆ 40 ಎಲೆ. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನರ್ಧದಲ್ಲಿ ಉಲ್ಟಾ, ಒಂದೇ ದೊಡ್ಡದು. ಹಗಲು ಆಡಿದ್ರೆ ರಾಮನ ರಾಜ ಯಾರ ಕೈಯಲ್ಲಿದೆಯೋ ಅವರು ಮೊದಲು ಇಳೀಬೇಕು, ರಾತ್ರಿ ಆಡಿದ್ರೆ ಕೃಷ್ಣ. ಸೂರ್ಯ ಮುಳುಗಿದ್ರೆ ಆಟದ ನಿಯಮ ಬದಲಾಗುತ್ತೆ! ಇವತ್ತಿನ ಗೇಮ್ ಡಿಸೈನರ್‌ಗಳು ಹಗಲು-ರಾತ್ರಿ ಮೆಕ್ಯಾನಿಕ್ ಅಂತ ಪ್ರಚಾರ ಮಾಡೋದನ್ನ ಇಲ್ಲಿ ಕಿಟಕಿ ನೋಡಿಯೇ ಮಾಡ್ತಿದ್ರು.

ಇನ್ನು ಕರ್ನಾಟಕದ ದೊಡ್ಡ ಕಥೆ ಇರೋದು ಮೈಸೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ್. ಹುಟ್ಟಿದ್ದು 1794, ಟಿಪ್ಪು ಸತ್ತ ಮೇಲೆ 1799ರಲ್ಲಿ ಐದು ವರ್ಷದ ಹುಡುಗನನ್ನ ಬ್ರಿಟಿಷರು ಪಟ್ಟಕ್ಕೆ ಕೂರಿಸಿದ್ರು. 1831ರಲ್ಲಿ ಅವರೇ ಆಡಳಿತ ಕಿತ್ತುಕೊಂಡ್ರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳೋವರೆಗೆ 37 ವರ್ಷ, ರಾಜ ಅನ್ನೋ ಹೆಸರಿದೆ, ಆಳೋಕೆ ರಾಜ್ಯ ಇಲ್ಲ. ಆ ಮನುಷ್ಯ ಏನು ಮಾಡಿದ? ಪುಸ್ತಕ, ಸಂಗೀತ, ಚಿತ್ರ, ಮತ್ತೆ ಆಟ. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ತುಳೀದೆ 64 ಮನೆ ಸುತ್ತೋ ಲೆಕ್ಕವನ್ನ ರೇಷ್ಮೆ ಬಟ್ಟೆ ಮೇಲೆ ಅಚ್ಚು ಹಾಕಿಸಿದ. ‘ಶ್ರೀತತ್ತ್ವನಿಧಿ’ ಅನ್ನೋ ದೊಡ್ಡ ಸಚಿತ್ರ ಗ್ರಂಥ ಮಾಡಿಸಿದ. ಅದರಲ್ಲಿ ಒಂಬತ್ತು ನಿಧಿಗಳು, ಒಂದರ ಹೆಸರು ಕೌತುಕನಿಧಿ. ಅದರೊಳಗೆ ಕಾರ್ಡ್ ಆಟಗಳು. ಅವನು ಇಟ್ಟ ಹೆಸರು ‘ಛದ’. ಸಂಸ್ಕೃತದಲ್ಲಿ ಎಲೆ ಅಂತ ಅರ್ಥ. ನೋಡ್ರಿ, ನಾವು ಇಸ್ಪೀಟ್ ಎಲೆ ಅಂತೀವಿ, ಬೀದರಿನ ದಖನಿಯಲ್ಲಿ ಪತ್ತೆ ಅಂತಾರೆ, ಎಲ್ಲಾನೂ ಗಿಡದ ಎಲೆಯೇ.

ಅವನ ಕಟ್ಟುಗಳಲ್ಲಿ ಚಿಕ್ಕದಕ್ಕೆ 36 ಎಲೆ ಸಾಕು. ಚಾಮುಂಡೇಶ್ವರಿ ಛದಕ್ಕೆ 320 ಎಲೆ. ಜಗನ್ಮೋಹನ ಛದಕ್ಕೆ 18 ಬಣ್ಣ, 360 ಎಲೆ. ಪಾಂಡವರದ್ದೊಂದು ಕಟ್ಟು, ನವಗ್ರಹದ್ದೊಂದು, ದಿಕ್ಪಾಲಕರದ್ದೊಂದು. ಸಾಮಾನ್ಯವಾಗಿ ಒಂದು ಬಣ್ಣದಲ್ಲಿ 12 ಅಂಕಿ ಎಲೆ, ಅದರ ಮೇಲೆ ಆರು ಆಸ್ಥಾನದ ಎಲೆ. ಯಾವ ಬಣ್ಣಕ್ಕೂ ಸೇರಿ ಎಲ್ಲವನ್ನೂ ಹೊಡೆಯೋ ಎಲೆಗಳೂ ಇದ್ವು, ನಮ್ಮ ಜೋಕರ್ ಥರ. ರಾಜ್ಯ ಕಳ್ಕೊಂಡವನು ದೇವಿ, ದಿಕ್ಪಾಲ, ಗ್ರಹ ಎಲ್ಲ ಸೇರಿಸಿ ಒಂದು ಬೇರೆ ಲೋಕವನ್ನೇ ಕಟ್ಟಿದ. ಅದರಲ್ಲಿ ಯಾವ ರೆಸಿಡೆಂಟ್ ಸಾಹೇಬನ ಪರ್ಮಿಷನ್ನೂ ಬೇಕಾಗಿರಲಿಲ್ಲ. ಫ್ಯಾಂಟಸಿ ಗೇಮ್‌ಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಆದ್ರೆ ಆ ಆಟಗಳು ಅರಮನೆ ದಾಟಿ ಮನೆಮನೆಗೆ ಹೋಗಲೇ ಇಲ್ಲ. ಇಲ್ಲಿ ನನ್ನ ಕಾಮರ್ಸ್ ಬುದ್ಧಿ ಕೆಲಸ ಮಾಡುತ್ತೆ. ಒಂದು ಕಟ್ಟು ಮಾಡೋ ಖರ್ಚು ಯೋಚಿಸ್ರಿ. ಸಾವಂತವಾಡಿಯ ಪದ್ಧತಿ ಹೇಳ್ತೀನಿ: ಹತ್ತಿ ಬಟ್ಟೆ ಹಾಸಿ ಹುಣಸೆ ಬೀಜದ ಅಂಟು ಬಳೀಬೇಕು, ಮೇಲೆ ಪದರ ಕೊಟ್ಟು ಒಣಗಿಸಿ ಕಲ್ಲಿನಿಂದ ತಿಕ್ಕಿ ನಯ ಮಾಡಬೇಕು, ದುಂಡಗೆ ಕತ್ತರಿಸಬೇಕು, ಒಂದೊಂದಕ್ಕೂ ಕೈಯಲ್ಲಿ ಚಿತ್ರ ಬರೀಬೇಕು, ಅರಗು ಹಚ್ಚಬೇಕು. ಹಿಂಗೆ 120 ಸಲ. ಎಲ್ಲಾ ಎಲೆಯ ಬೆನ್ನು ಒಂದೇ ಥರ ಇರಬೇಕು. ಒಂದು ಎಲೆ ಕಳೆದ್ರೆ ಇಡೀ ಕಟ್ಟು ದಂಡ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನಿಂದ ಅಚ್ಚಿನ 52 ಎಲೆಯ ಇಸ್ಪೀಟು ರಾಶಿ ರಾಶಿ ಬಂದು ಇಳೀತು. ಅಗ್ಗ, ಹಗುರ, ಒಂದು ಕಳೆದ್ರೆ ಇನ್ನೊಂದು ಕಟ್ಟು. ಆಟ ಮುಗೀತು.

ಸಾವಂತವಾಡಿ ರಾಜಮನೆತನದವರು ಅರಮನೆಯಲ್ಲೇ ಚಿತ್ರಗಾರರನ್ನ ಕೂರಿಸಿ ಕಸುಬು ಉಳಿಸಿದ್ರು. ಮೈಸೂರಲ್ಲಿ ಗಂಜೀಫಾ ರಘುಪತಿ ಭಟ್ಟರು ಆ ಶೈಲಿಯನ್ನ ಮತ್ತೆ ಬೆಳೆಸಿದ್ರು. ಮೈಸೂರು ಗಂಜೀಫಾಗೆ ನಮ್ಮ ಬಿದರಿ ಕಲೆಗೆ ಇರೋ ಹಾಗೆ ಜಿಐ ಟ್ಯಾಗ್ ಕೂಡ ಇದೆ. ಆದ್ರೆ ಜನ ಈಗ ಅದನ್ನ ಫ್ರೇಮ್ ಹಾಕಿ ಗೋಡೆಗೆ ತೂಗಿಸ್ತಾರೆ. ಎಲೆ ಉಳೀತು, ಆಟ ಹೋಯ್ತು. ಮುಂಬಯಿಯಲ್ಲಿದ್ದ ರುಡಾಲ್ಫ್ ಫಾನ್ ಲೈಡನ್ ಅನ್ನೋ ಜರ್ಮನ್ ಮೂಲದ ಸಂಗ್ರಾಹಕ 1970-80ರ ದಶಕದಲ್ಲಿ ಊರೂರು ಕಟ್ಟುಗಳನ್ನ ಹುಡುಕಿ ಪುಸ್ತಕ ಬರೀದಿದ್ರೆ ನಾನು ಇವತ್ತು ಇಷ್ಟು ಮಾತಾಡೋಕೂ ಆಗ್ತಿರಲಿಲ್ಲ.

ಈಗ ನೆಲಕ್ಕೆ ಇಳಿಯೋಣ, ಖರೇನೇ ನೆಲಕ್ಕೆ. ಚೌಕಾಬಾರಾ. ಅದೇ ಹುಣಸೆ ಬೀಜ ಇಲ್ಲಿ ಅಂಟಲ್ಲ, ದಾಳ. ಬೀಜ ಕಲ್ಲಿಗೆ ತಿಕ್ಕಿ ಎರಡು ಹೋಳು ಮಾಡಿದ್ರೆ ಒಂದು ಮೈ ಬಿಳಿ, ಒಂದು ಮೈ ಕಂದು. ಅಂಥ ನಾಲ್ಕು ಹೋಳು, ಇಲ್ಲ ನಾಲ್ಕು ಕವಡಿ. ಬಳಪ ಇಲ್ಲ ಇದ್ದಿಲಿನಿಂದ ಫರಶಿ ಮೇಲೆ ಐದು ಅಡ್ಡ ಐದು, 25 ಮನಿ. ಖರ್ಚು ಸೊನ್ನೆ. ನಾಲ್ಕು ಬದಿಗೆ ನಾಲ್ಕು ಜನ, ಒಬ್ಬರಿಗೆ ನಾಲ್ಕು ಕಾಯಿ. ಒಬ್ಬರದು ಬಳೆಚೂರು, ಒಬ್ಬರದು ಕಡ್ಡಿ, ಒಬ್ಬರದು ತೊಗರಿ ಕಾಳು. ಹೊರಗಿನ ಸುತ್ತಿನಲ್ಲಿ 16 ಮನಿ, ಒಳಗಿನದರಲ್ಲಿ 8, ನಡುವೆ ಒಂದು. ಹೊರಟ ಮನಿಯಿಂದ 24 ಹೆಜ್ಜೆ ನಡೆದ್ರೆ ಕಾಯಿ ಹಣ್ಣು.

ಲೆಕ್ಕ ಚಂದ ಇದೆ. ನಾಲ್ಕು ಹೋಳು ಬೀಳೋ ರೀತಿ ಒಟ್ಟು 16. ಎರಡು ಬೀಳೋಕೆ 6 ದಾರಿ, ಒಂದಕ್ಕೆ 4, ಮೂರಕ್ಕೆ 4. ನಾಲ್ಕೂ ಬಿಳಿ ಬಿದ್ರೆ ಚೌಕ, ನಾಲ್ಕು ಹೆಜ್ಜೆ. ನಾಲ್ಕೂ ಮಗುಚಿ ಬಿದ್ರೆ ಬಾರಾ, ಎಂಟು ಹೆಜ್ಜೆ. ಇವೆರಡಕ್ಕೂ ಒಂದೊಂದೇ ದಾರಿ. ಸರಾಸರಿ ತೆಗೆದ್ರೆ ಒಂದು ಎಸೆತಕ್ಕೆ ಎರಡೂವರೆ ಹೆಜ್ಜೆ. ಹಿಂದಿಯಲ್ಲಿ ಬಾರಾ ಅಂದ್ರೆ ಹನ್ನೆರಡು, ಇಲ್ಲಿ ಎಂಟು ಯಾಕೆ ಅಂತ ಆಯಿಗೆ ಕೇಳಿದ್ರೆ “ಅದು ಬಾರಾ ಅಷ್ಟೇ, ನಿನ್ನ ಹಿಂದಿ ಸಾಲಿ ಕಲಿಸಬ್ಯಾಡ” ಅಂದ್ರು. ನಾರಾಯಣಖೇಡದ ನಮ್ಮ ಬೀಗರ ಮನೆಯಲ್ಲಿ ಇದೇ ಆಟಕ್ಕೆ ‘ಅಷ್ಟಾ ಚಮ್ಮಾ’ ಅಂತಾರೆ, ಎಂಟು ಮತ್ತೆ ನಾಲ್ಕು. ಆ ಹೆಸರಿನ ತೆಲುಗು ಸಿನಿಮಾ 2008ರಲ್ಲಿ ಬಂತು, ನಾನಿ ಅವರ ಮೊದಲ ಸಿನಿಮಾ.

ಈ ಬೀಗತನ ಹೆಂಗೆ ಬಂತು ಅಂದ್ರೆ, 1956ರವರೆಗೆ ಬೀದರ್ ಜಿಲ್ಲೆ ಈಗಿನದ್ದಲ್ಲ. ಉದಗೀರ, ನಿಲಂಗಾ, ಅಹಮದಪುರ, ಜಹೀರಾಬಾದ್, ನಾರಾಯಣಖೇಡ ಎಲ್ಲ ಅದರೊಳಗೇ ಇದ್ವು. ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಮೂರು ಪಾಲಾಯ್ತು. ಮದುವೆ ಸಂಬಂಧ ಗಡಿ ನೋಡಲಿಲ್ಲ. ಹಬ್ಬಕ್ಕೆ ಎಲ್ಲರೂ ಒಂದೇ ಪಟದ ಸುತ್ತ ಕೂತ್ರೆ ಬೈಗುಳ ಕನ್ನಡ, ಎಣಿಕೆ ಮರಾಠಿ, ಜಗಳ ದಖನಿ. ಮತ್ತೆ ಪ್ರತಿ ಮನೆಗೂ ಅದರದ್ದೇ ನಿಯಮ.

ಭಾಲ್ಕಿಯ ನಮ್ಮ ಮನೆಯಲ್ಲಿ ಎದುರಾಳಿಯ ಒಂದು ಕಾಯಿ ಹೊಡೀದೆ ಒಳಸುತ್ತಿಗೆ ಹೋಗಂಗಿಲ್ಲ. ಔರಾದಿನ ಅತ್ತಿ ಮನೆಯಲ್ಲಿ ಆ ಕಟ್ಟುನಿಟ್ಟಿಲ್ಲ, ಆದ್ರೆ ಒಂದೇ ಮನಿಯಲ್ಲಿ ಎರಡು ಕಾಯಿ ಕೂತ್ರೆ ಜೋಡಿ. ಜೋಡಿಯನ್ನ ಜೋಡಿಯೇ ಹೊಡೀಬೇಕು. ಚೌಕ ಇಲ್ಲ ಬಾರಾ ಬಿದ್ರೆ ಮತ್ತೊಂದು ಎಸೆತ ಇಬ್ಬರಲ್ಲೂ ಇದೆ. ಸಾಲಾಗಿ ಮೂರು ಸಲ ಬಿದ್ರೆ? ಅತ್ತಿ ಪ್ರಕಾರ ಮೂರೂ ಸುಟ್ಟು ಹೋಗುತ್ತೆ. ಆಯಿ ಪ್ರಕಾರ ಅದು ದೇವರು ಕೊಟ್ಟದ್ದು, ಸುಡಾಕ ನೀ ಯಾರು. ಲೆಕ್ಕ ಹಾಕಿದ್ರೆ ಹಂಗೆ ಸಾಲಾಗಿ ಮೂರು ಬೀಳೋದು 512ಕ್ಕೆ ಒಂದು ಸಲ. ಅಷ್ಟು ಅಪರೂಪದ್ದಕ್ಕೆ ಇಬ್ಬರೂ ನಲವತ್ತು ವರ್ಷದಿಂದ ಜಗಳ ಆಡ್ತಾ ಇದ್ದಾರೆ.

ಸೋಮೇಶ್ವರನ ಪುಸ್ತಕ ಇದೆ, ಆಡೋರಿಲ್ಲ. ಮುಮ್ಮಡಿಯ ಪುಸ್ತಕ ಇದೆ, ಅಲ್ಲೂ ಆಡೋರಿಲ್ಲ. ಆಯಿಯ ಆಟಕ್ಕೆ ಪುಸ್ತಕವೇ ಇಲ್ಲ, ಆದ್ರೆ ಅದು ಉಳೀತು. ಯಾಕೆ ಅಂದ್ರೆ ನಿಯಮ ಮನೆಯವರ ಕೈಯಲ್ಲಿತ್ತು. ಚಿಕ್ಕ ಹುಡುಗ ಅಳ್ತಿದ್ರೆ ಒಂದು ಎಸೆತ ಜಾಸ್ತಿ ಕೊಡಬಹುದು. ಮಳೆ ಬಂದು ಕರೆಂಟ್ ಹೋದ್ರೆ ಎರಡೇ ಕಾಯಿಯಲ್ಲಿ ಮುಗಿಸಬಹುದು. ಕಣ್ಣು ಕಾಣದ ಮುತ್ಯಾನ ಪರವಾಗಿ ಮೊಮ್ಮಗ ಕಾಯಿ ನಡೆಸಬಹುದು. ರಾಜನ 360 ಎಲೆಯ ಕಟ್ಟಿನಲ್ಲಿ ಈ ಸಡಿಲ ಇರಲಿಲ್ಲ ಅನ್ಸುತ್ತೆ.

ಕವಡಿಯ ದೊಡ್ಡಕ್ಕ ಪಚ್ಚೀಸು, ಅದರ ದೊಡ್ಡ ಎಸೆತ 25ರಿಂದ ಬಂದ ಹೆಸರು. ಅದು ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕಕ್ಕೆ ಹೋಗಿ ‘ಪಾರ್ಚೀಸಿ’ ಆಯ್ತು, ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೋ ಅಂತ ಪೇಟೆಂಟ್ ಆಯ್ತು. ಕವಡಿ ತೆಗೆದು ಆರು ಮುಖದ ದಾಳ ಇಟ್ರು. 2016ರಲ್ಲಿ ‘ಲೂಡೋ ಕಿಂಗ್’ ಆಗಿ ನಮ್ಮ ಫೋನಿಗೆ ವಾಪಸ್ ಬಂತು. 2020ರ ಲಾಕ್‌ಡೌನ್‌ನಲ್ಲಿ ನಾವೂ ಆಡಿದ್ವಿ, ಔರಾದಿನಲ್ಲಿ ಅತ್ತಿ, ಪುಣೆಯಲ್ಲಿ ಕಾಕಾ, ಭಾಲ್ಕಿಯಲ್ಲಿ ನಾವು. ಖುಷಿಯಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಅತ್ತಿ ಜೋಡಿ ನಿಯಮ ಕೇಳಿದಾಗ ಫೋನ್ ಸುಮ್ಮನಿತ್ತು. ಅದರ ಜೊತೆ ವಾದ ಮಾಡೋಕೆ ಆಗಲ್ಲ.

ಈಗ ಕಹಿ ಮಾತು. ದಾಳದ ಇನ್ನೊಂದು ಮುಖ ಬಿಟ್ಟು ಇತಿಹಾಸ ಹೇಳಿದ್ರೆ ಅದು ಅರ್ಧ ಸುಳ್ಳು. ನಮ್ಮ ಮನೆಯಲ್ಲಿ ಪಂಚಮಿಗೆ ಕವಡಿ ಆಡಬಹುದಿತ್ತು, ಇಸ್ಪೀಟ್ ಹೊಸ್ತಿಲು ದಾಟಂಗಿರಲಿಲ್ಲ. ಯಾಕೆ ಅಂತ ದೊಡ್ಡವನಾದ ಮೇಲೆ ಗೊತ್ತಾಯ್ತು. ಮುತ್ಯಾನ ಅಣ್ಣ ಅಂದರ್-ಬಾಹರ್‌ನಲ್ಲಿ ಹೊಲ ಕಳೆದಿದ್ರು.

ನಿಜಾಮ ಸರ್ಕಾರ ಫಸಲಿ 1305ರಲ್ಲಿ, ಅಂದ್ರೆ 1895-96ರ ಸುಮಾರಿಗೆ, ಜೂಜಿನ ವಿರುದ್ಧ ಒಂದು ಕಾಯ್ದೆ ಮಾಡಿತ್ತು, ಹೈದರಾಬಾದ್ ಗ್ಯಾಂಬ್ಲಿಂಗ್ ಆಕ್ಟ್. ಆಗ ಬೀದರ್ ಇದ್ದದ್ದೂ ಅದೇ ಸರ್ಕಾರದ ಕೈಕೆಳಗೆ. ಮುಂದೆ ಇದೇ ಕಾಯ್ದೆ ಅಡಿ ಸಿಕಂದರಾಬಾದಿನ ಒಂದು ಕ್ಲಬ್ ಮೇಲೆ ಕೇಸಾಗಿ ಸುಪ್ರೀಂ ಕೋರ್ಟಿಗೆ ಹೋಯ್ತು. 1960ರ ದಶಕದ ಕೊನೆಯಲ್ಲಿ ಬಂದ ತೀರ್ಪು, ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತು. ಐವತ್ತು ವರ್ಷ ಆದ ಮೇಲೆ ರಮ್ಮಿ ಆ್ಯಪ್‌ಗಳು ಇದೇ ತೀರ್ಪನ್ನ ಗುರಾಣಿ ಮಾಡ್ಕೊಂಡ್ವು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟ ನಿಷೇಧಿಸ್ತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿ ರದ್ದು ಮಾಡ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಹಣದ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆ ತಂತು.

ಈ ನಡುವಿನ ವರ್ಷಗಳಲ್ಲಿ ನಮ್ಮ ಬಳಗದ ಒಬ್ಬ ಹುಡುಗ ಒಂದು ಆ್ಯಪ್‌ನಲ್ಲಿ ಎರಡು ಹಂಗಾಮಿನ ಸೋಯಾಬೀನ್ ರೊಕ್ಕ ಕಳೆದ. ಊರು ಬೇಡ, ಆ್ಯಪ್ ಹೆಸರೂ ಬೇಡ. ಅವನು ರಾತ್ರಿ ಚಾದರ ಹೊದ್ದು ಒಬ್ಬನೇ ಆಡ್ತಿದ್ದ. ಎದುರು ಕೂತವರು ಯಾರು ಅಂತಾನೇ ಅವನಿಗೆ ಗೊತ್ತಿರಲಿಲ್ಲ. “ಸಾಕು, ಎಲೆ ಇಡು, ಊಟಕ್ಕೆ ಏಳು” ಅನ್ನೋರು ಆ ಆಟದಲ್ಲಿ ಇರಲಿಲ್ಲ. ಗುಲ್‌ಬದನ್ ಕಂಡ ಆಟದಲ್ಲೂ ಹಣ ಇತ್ತು, ಆದ್ರೆ ಇಪ್ಪತ್ತು ನಾಣ್ಯಕ್ಕೆ ಮಿತಿ ಇತ್ತು, ಗೆದ್ದವರು ಯಾರು ಅಂತ ಎಲ್ಲರಿಗೂ ಕಾಣ್ತಿತ್ತು. ಕಾಯ್ದೆ ಬೇಕು, ಇಲ್ಲ ಅನ್ನಲ್ಲ. ಆದ್ರೆ ಕಾಯ್ದೆ ಬಂದ ದಿನ ಅವನ ಅವ್ವ ಕೇಳಿದ್ದು ಒಂದೇ, “ಹೋದ ರೊಕ್ಕ ಬರ್ತದೇನು?”

ದೀಪಾವಳಿ ಆದ ಮೇಲೆ ನಾನು ಒಂದು ಕೆಲಸ ಮಾಡಿದೆ. ಆಯಿ, ಅತ್ತಿ ಇಬ್ಬರನ್ನೂ ಪಟದ ಮುಂದೆ ಕೂರಿಸಿ ಫೋನ್ ರೆಕಾರ್ಡಿಂಗ್‌ಗೆ ಇಟ್ಟು ನಿಯಮ ಹೇಳ್ರಿ ಅಂದೆ. ಇಬ್ಬರೂ ಸುಮ್ಮನೆ ಹೇಳೋಕೆ ಒಪ್ಪಲಿಲ್ಲ. ಆಡ್ತಾ ಆಡ್ತಾ ಮಾತ್ರ ಬಾಯಿಗೆ ಬರ್ತವೆ ಅಂದ್ರು. ಹಂಗಾಗಿ ಇಡೀ ಆಟ ರೆಕಾರ್ಡ್ ಆಗಿದೆ, ನಡುವೆ ಕುಕ್ಕರ್ ಸೀಟಿ, ಹಾಲಿನವನು ಬಂದದ್ದು, ಎಲ್ಲ. ಬರೆದು ತೆಗೆದಾಗ ಹನ್ನೊಂದು ನಿಯಮ ಸಿಕ್ವು. ಅದರಲ್ಲಿ ಮೂರು ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ.

ನಿಮ್ಮ ಮನೆಯದ್ದೂ ಬೇಕು. ವಾಯ್ಸ್ ನೋಟ್ ಕಳಿಸ್ರಿ, ನಂಬರ್ ಎಪಿಸೋಡ್ ಕೆಳಗಿದೆ. ಊರು ಯಾವುದು, ಕವಡಿ ನಾಲ್ಕೋ ಆರೋ, ಎಂಟಕ್ಕೆ ಏನಂತೀರಿ, ಕಾಯಿ ಹೊಡೀದೆ ಒಳಗೆ ಬಿಡ್ತೀರೋ ಇಲ್ವೋ. ಮನೆಯಲ್ಲಿ ಹಿರಿಯರಿದ್ರೆ ಅವರ ಬಾಯಿಂದಲೇ ಹೇಳಿಸ್ರಿ, ಅವರು ಬೈದದ್ದನ್ನೂ ಕಟ್ ಮಾಡಬ್ಯಾಡ್ರಿ. ಸಾಲಾಗಿ ಮೂರು ಬಾರಾ ಬಿದ್ರೆ ಸುಡುತ್ತಾ ಇಲ್ವಾ ಅನ್ನೋದನ್ನಂತೂ ಮರೀದೆ ಹೇಳ್ರಿ. ಭಾಲ್ಕಿ, ಔರಾದ್ ನಡುವೆ ಅದು ಇನ್ನೂ ಇತ್ಯರ್ಥ ಆಗಿಲ್ಲ.